18ನೇ ಶತಮಾನದ ಸ್ಕಾಟ್ಲೆಂಡ್ ವಿಲ್ಲಾ ನಕ್ಷೆಗಳು: ಅಳತೆ ಕೂಡುತ್ತಿಲ್ಲ, ಬಣ್ಣ ತಿಳಿಯುತ್ತಿಲ್ಲ, ಹೇಗೆ ಓದುವುದು?

ಅಳತೆಗೋಲು

ಎಲ್ಲರಿಗೂ ನಮಸ್ಕಾರ. ಸ್ಕಾಟ್ಲೆಂಡಿನ ಎರಡು ಹಳೇ ವಿಲ್ಲಾಗಳನ್ನು ಆ ಕಾಲದ ನಕ್ಷೆ ಇಟ್ಟುಕೊಂಡು ಕಂಪ್ಯೂಟರಿನ ನಕ್ಷೆ ತಂತ್ರಾಂಶ ಕ್ಯಾಡ್‌ನಲ್ಲಿ ಮತ್ತೆ ಬರೆಯಬೇಕಿದೆ, ಆಮೇಲೆ 1:100ರ ಮಾಡೆಲ್ ಮಾಡಬೇಕಿದೆ. ಮೊದಲನೆಯದು ಎಡಿನ್‌ಬರಾ ಹತ್ತಿರ ಲೋನ್‌ಹೆಡ್‌ನಲ್ಲಿರುವ ಮೇವಿಸ್‌ಬ್ಯಾಂಕ್. 1723ರಿಂದ 1727ರೊಳಗೆ ಪೆನಿಕುಕ್‌ನ ಸರ್ ಜಾನ್ ಕ್ಲಾರ್ಕ್ ಅವರು ವಾಸ್ತುಶಿಲ್ಪಿ ವಿಲಿಯಂ ಆಡಮ್ ಜೊತೆ ಸೇರಿ ಕಟ್ಟಿಸಿದ್ದು. ಅದಕ್ಕೆ ವಿಲಿಯಂ ಅವರ ವಿನ್ಯಾಸಗಳಿರುವ 'ವಿಟ್ರುವಿಯಸ್ ಸ್ಕಾಟಿಕಸ್' ಪುಸ್ತಕದ ತಾಮ್ರಫಲಕದ ಅಚ್ಚು ಇಟ್ಟುಕೊಂಡಿದ್ದೇನೆ. ಎರಡನೆಯದು ಸ್ಟರ್ಲಿಂಗ್ ಹತ್ತಿರದ ಏರ್ತ್ರಿ ಕ್ಯಾಸಲ್, 1790–91ರದ್ದು, ವಿಲಿಯಂ ಅವರ ಮಗ ರಾಬರ್ಟ್ ಆಡಮ್ ವಿನ್ಯಾಸ. ಇದಕ್ಕೆ ಕೈಯಲ್ಲಿ ಬರೆದು ಬಣ್ಣ ಹಚ್ಚಿದ ಚಿತ್ರಗಳ ಸ್ಕ್ಯಾನ್‌ಗಳಿವೆ. ಇವುಗಳ ಜೊತೆಗೆ ಹೋಲಿಸಿ ನೋಡಲು ಅದೇ ಕಾಲದ ಬೇರೆ ಮನೆಗಳ ನಕ್ಷೆಗಳನ್ನೂ ತೆಗೆದಿಟ್ಟುಕೊಂಡಿದ್ದೇನೆ.

ತೊಡಕುಗಳು ಇವು.

ಅಚ್ಚಿನ ಹಾಳೆಗಳಲ್ಲಿ ಒಂದರಲ್ಲಿ, ಕೆಳಗೆ ಕೊಟ್ಟಿರುವ ಅಳತೆಪಟ್ಟಿ ಹಿಡಿದರೆ ಕೋಣೆಯ ಅಗಲ ಬರೆದ ಅಂಕಿಗೆ ಸರಿಯಾಗಿ ಕೂಡುತ್ತದೆ. ಅದೇ ಕೋಣೆಯ ಉದ್ದ 18 ಅಡಿ ಎಂದು ಬರೆದಿದ್ದರೂ ಅಳೆದರೆ ಬರುವುದು 17 ಅಡಿ 9 ಅಂಗುಲ. ಸ್ಕಾಟ್ಲೆಂಡಿನ ಅಡಿ ಬೇರೆ ಇತ್ತು ಎಂದು ಓದಿದ್ದೇನೆ, ಅದು ಕಾರಣವೇ?

ಕೆಲವು ಪ್ಲಾನ್‌ಗಳಲ್ಲಿ ಗೋಡೆಗೆ ಗುಲಾಬಿ ಬಣ್ಣ, ಕೆಲವಕ್ಕೆ ಬೂದು, ಕೆಲವಕ್ಕೆ ಏನೂ ಇಲ್ಲ. ಗುಲಾಬಿ ಎಂದರೆ ಹೊಸದು, ಬೂದು ಎಂದರೆ ಹಳೆಯದು ಎಂದು ಹಿಡಿಯಬಹುದೇ?

ಕೆಳ ಅಂತಸ್ತಿನ ಪ್ಲಾನ್ ಮೇಲೆ ಮೇಲಂತಸ್ತಿನದನ್ನು ಇಟ್ಟರೆ ಗೋಡೆಗಳು ಒಂದರ ಮೇಲೊಂದು ಕೂರುವುದಿಲ್ಲ.

ಕೋಣೆಗಳ ಹೆಸರಲ್ಲಿ 'ಟ್ರಾನ್ಸ್', 'ವುಮನ್ ಹೌಸ್', 'ಆಫೀಸ್ ಹೌಸಸ್', 'ಲೇ' ಎಂಬ ಪದಗಳಿವೆ. ಇಂಗ್ಲಿಷ್ ನಿಘಂಟಿನ ಅರ್ಥ ಹಿಡಿದರೆ ಹೊಂದುವುದಿಲ್ಲ.

ಕೊನೆಯದಾಗಿ, ಒಂದೇ ಮನೆಗೆ ನಾಲ್ಕು ಬಗೆಯ ಎಲಿವೇಶನ್ (ಮುಖದ ನೇರ ಚಿತ್ರ) ಇದ್ದಾಗ ಕಟ್ಟಿದ್ದು ಯಾವುದು ಎಂದು ಗೊತ್ತುಮಾಡುವುದು ಹೇಗೆ? ಬಲ್ಲವರು ದಯವಿಟ್ಟು ತಿಳಿಸಿ.

ಒಂದಂಗುಲ

ಅಳತೆಯದ್ದು ನಾನು ಹೇಳುತ್ತೇನೆ, ಉಳಿದದ್ದನ್ನು ಬೇರೆಯವರು ಹೇಳಲಿ.

ಸ್ಕಾಟ್ ಅಡಿಯ ಮಾತು ಬಿಡಿ. ಅವರ 'ಎಲ್' ಎಂಬ ಅಳತೆ 37 ಅಂಗುಲದ್ದು, ಆ ಅಂಗುಲ ಇಂಗ್ಲಿಷ್ ಅಂಗುಲಕ್ಕಿಂತ ಕೂದಲೆಳೆಯಷ್ಟೇ ದೊಡ್ಡದು. 18 ಅಡಿಗೆ ಅರ್ಧ ಅಂಗುಲವೂ ಹೆಚ್ಚುಕಡಿಮೆ ಆಗುವುದಿಲ್ಲ. ನಿಮಗೆ ಬಂದಿರುವುದು 3 ಅಂಗುಲ. ಅದೂ ಒಂದೇ ದಿಕ್ಕಿಗೆ. ಅಡಿಯೇ ಬೇರೆಯಾಗಿದ್ದರೆ ಎರಡೂ ದಿಕ್ಕಿಗೆ ತಪ್ಪಬೇಕಿತ್ತು.

ಇದು ಕಾಗದ ಕುಗ್ಗಿದ್ದರ ಫಲ. ತಾಮ್ರಫಲಕದಲ್ಲಿ ಶಾಯಿ ನಿಲ್ಲುವುದು ಕೊರೆದ ಗೆರೆಯ ಒಳಗೆ. ಅದು ಹತ್ತಬೇಕಾದರೆ ಕಾಗದ ಮೆತ್ತಗಾಗಿ ಆ ಕೊರಕಲಿಗೆ ಇಳಿಯಬೇಕು, ಅದಕ್ಕೇ ಹಾಳೆಯನ್ನು ಮೊದಲು ನೆನೆಸಿ ಆಮೇಲೆ ರೋಲರಿನಡಿ ಹಾಯಿಸುತ್ತಿದ್ದರು. ಒಣಗುವಾಗ ಹಾಳೆ ಕುಗ್ಗುತ್ತದೆ, ಒಂದು ದಿಕ್ಕಿಗೆ ಜಾಸ್ತಿ, ಇನ್ನೊಂದಕ್ಕೆ ಕಡಿಮೆ. ಶೇಕಡಾ 1ರಿಂದ 2ರಷ್ಟು ಕುಗ್ಗುವುದು ಮಾಮೂಲಿ. ಅಳತೆಪಟ್ಟಿಯೂ ಅದೇ ಹಾಳೆಯ ಮೇಲೆ ಅಡ್ಡಕ್ಕೆ ಅಚ್ಚಾಗಿರುವುದರಿಂದ ಅಡ್ಡದ ಅಳತೆಗಳ ಜೊತೆ ಅದೂ ಸಮನಾಗಿ ಕುಗ್ಗಿದೆ, ಹಾಗಾಗಿ ಅಲ್ಲಿ ಲೆಕ್ಕ ಕೂಡುತ್ತದೆ. ಉದ್ದದ ದಿಕ್ಕಿಗೆ ಪಟ್ಟಿಯೇ ಇಲ್ಲ. ನಿಮ್ಮ ಲೆಕ್ಕದಲ್ಲಿ 216 ಅಂಗುಲದ ಜಾಗಕ್ಕೆ 213 ಬಂದಿದೆ, ಅಂದರೆ ಉದ್ದಕ್ಕೆ 1.014ರಿಂದ ಗುಣಿಸಬೇಕು.

ಹೀಗೆ ಮಾಡಿ. ಸ್ಕ್ಯಾನ್ ಅನ್ನು ಕ್ಯಾಡ್‌ಗೆ ತಂದಮೇಲೆ ಮೊದಲು ಅಳತೆಪಟ್ಟಿಯನ್ನು ಪೂರ್ತಿ ಉದ್ದಕ್ಕೆ ಹಿಡಿದು ಅಡ್ಡದ ಸ್ಕೇಲ್ ಕೂಡಿಸಿ. ಪಟ್ಟಿಯ ಎಡತುದಿಯಲ್ಲಿ ಒಂದೊಂದು ಅಡಿಗೆ ಗೆರೆ ಹಾಕಿದ 10 ಅಡಿಯ ತುಂಡು ಇರುತ್ತದಲ್ಲ, ಅಷ್ಟನ್ನೇ ಹಿಡಿಯಬೇಡಿ. ಸಣ್ಣ ತುಂಡಿನಲ್ಲಿ ಆದ ತಪ್ಪು 60 ಅಡಿಯ ಮುಖಕ್ಕೆ ಆರು ಪಟ್ಟಾಗಿ ಹರಡುತ್ತದೆ. ಆಮೇಲೆ ಉದ್ದದ ದಿಕ್ಕಿಗೆ ಅಂಕಿ ಬರೆದ ಕೋಣೆಗಳನ್ನು, ಕನಿಷ್ಠ ಮೂರು, ಬೇರೆಬೇರೆ ಕಡೆಯವನ್ನು ಆರಿಸಿ, ಸರಾಸರಿ ತೆಗೆದು ಉದ್ದದ ಸ್ಕೇಲ್ ಬೇರೆಯಾಗಿ ಕೊಡಿ. ಒಂದು ಕೋಣೆಯ ಅಂಕಿ ಮಾತ್ರ ಉಳಿದವುಗಳಿಂದ ದೂರ ಉಳಿದರೆ ಅದು ಕೆತ್ತುವವನ ಕೈತಪ್ಪು, ಲೆಕ್ಕದಿಂದ ತೆಗೆದುಬಿಡಿ. ಫಲಕದ ಮೇಲೆ ಎಲ್ಲವನ್ನೂ ಕನ್ನಡಿಯಲ್ಲಿ ಕಾಣುವಂತೆ ತಿರುಗಾಮುರುಗಾ ಕೆತ್ತಬೇಕು, ಅದರಲ್ಲಿ ಅಂಕಿಗಳು ತಪ್ಪುವುದು ಸಹಜ. ಇನ್ನೂ ದೊಡ್ಡ ತಪ್ಪೂ ಆಗುತ್ತದೆ: ತಿರುಗಿಸುವುದು ಮರೆತು ಇಡೀ ಪ್ಲಾನ್ ಎಡಬಲ ಅದಲುಬದಲಾಗಿ ಅಚ್ಚಾಗಿರಬಹುದು. ಮೆಟ್ಟಿಲು ಮನೆಯ ಯಾವ ಪಕ್ಕಕ್ಕಿದೆ ಎಂದು ಇರುವ ಕಟ್ಟಡದ ಜೊತೆ ತಾಳೆ ನೋಡಿಯೇ ಮುಂದುವರಿಯಿರಿ.

ಕೈಬರಹದ ಚಿತ್ರಕ್ಕೆ ಈ ಕುಗ್ಗುವಿಕೆ ಕಡಿಮೆ. ಅಲ್ಲಿನ ತೊಂದರೆ ಬೇರೆ. ಸಂಪುಟಕ್ಕೆ ಅಂಟಿಸಿದ ಹಾಳೆ ಹೊಲಿಗೆಯ ಕಡೆ ಬಾಗಿರುತ್ತದೆ, ಫೋಟೋದಲ್ಲಿ ಆ ಅಂಚು ಒತ್ತಿಕೊಂಡಂತೆ ಬರುತ್ತದೆ. ಮಧ್ಯದ ಅಕ್ಷದಿಂದ ಎಡಕ್ಕೂ ಬಲಕ್ಕೂ ಅಳೆದು ನೋಡಿದರೆ ತಿಳಿಯುತ್ತದೆ. ಈ ವಿಲ್ಲಾಗಳ ಮುಖ ಬಹುಪಾಲು ಎರಡೂ ಕಡೆ ಸಮ, ಆದ್ದರಿಂದ ಚಪ್ಪಟೆಯಾಗಿರುವ ಅರ್ಧವನ್ನು ನಂಬಿ ಇನ್ನರ್ಧವನ್ನು ಮಿರರ್ ಮಾಡಬಹುದು. ಒಳಗಿನ ಕೋಣೆಗಳಿಗೆ ಮಾತ್ರ ಇದನ್ನು ಮಾಡಬೇಡಿ, ಅವು ಸಮವಾಗಿರುವುದು ಅಪರೂಪ.

ಎಷ್ಟು ನಿಖರತೆ ಸಾಧ್ಯ ಎನ್ನುವುದು ಮೊದಲೇ ಗೊತ್ತಿರಲಿ. 10 ಅಡಿಗೆ 1 ಅಂಗುಲ ಆಗಿನ ಸಾಮಾನ್ಯ ಸ್ಕೇಲ್, ಅಂದರೆ 1:120. 60 ಅಡಿ ಅಗಲದ ಮುಖ ಹಾಳೆಯ ಮೇಲೆ 6 ಅಂಗುಲ. ಅದರಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಗೆರೆ ಎಂದರೆ ನಿಜದಲ್ಲಿ 60 ಮಿಲಿಮೀಟರ್, ಎರಡೂವರೆ ಅಂಗುಲದ ಹತ್ತಿರ. ಇದಕ್ಕಿಂತ ಸಣ್ಣ ವ್ಯತ್ಯಾಸದ ಹಿಂದೆ ಬೀಳಬೇಡಿ. ಬರೆದ ಅಂಕಿ ಇದ್ದಲ್ಲಿ ಯಾವಾಗಲೂ ಅಂಕಿಯನ್ನೇ ಹಿಡಿಯಿರಿ, ಮೇಸ್ತ್ರಿ ಕಟ್ಟಿದ್ದೂ ಅಂಕಿ ನೋಡಿಯೇ.

ಏರ್ತ್ರಿ ಪ್ಲಾನ್ ಇಂಗ್ಲಿಷ್ 'ಡಿ' ಅಕ್ಷರದ ಹಾಗಿದೆ, ಒಂದು ಕಡೆ ನೇರ, ಇನ್ನೊಂದು ಕಡೆ ಬಿಲ್ಲು. ಬಾಗಿದ ಗೋಡೆಗೆ ಸ್ಪ್ಲೈನ್ (ಬೇಕಾದಂತೆ ಬಾಗಿಸುವ ಗೆರೆ) ಹಾಕಿ ಕಣ್ಣಳತೆಯಲ್ಲಿ ಕೂರಿಸಬೇಡಿ. ಎಲ್ಲವನ್ನೂ ಕೈವಾರದಲ್ಲೇ ಎಳೆದಿರುತ್ತಾರೆ. ಸ್ಕ್ಯಾನ್ ಅನ್ನು ಪೂರ್ತಿ ಹಿಗ್ಗಿಸಿ ಸೂಜಿ ಚುಚ್ಚಿದಂತಹ ಕಪ್ಪು ಚುಕ್ಕೆ ಹುಡುಕಿ, ಕೈವಾರದ ಮೊನೆ ಊರಿದ ಕೇಂದ್ರ ಅದು. ಸಿಗದಿದ್ದರೆ ಬಿಲ್ಲಿನ ಮೇಲೆ ಮೂರು ಬಿಂದು ಹಿಡಿದು ವೃತ್ತ ಕಟ್ಟಿ. ಒಳಗೆ ಮೊಟ್ಟೆಯಾಕಾರದ ಕೋಣೆ ಕಂಡರೆ ಅದನ್ನೂ ಎಲಿಪ್ಸ್ ಕಮಾಂಡ್‌ನಿಂದ ಬರೆಯಬೇಡಿ. ಆಗಿನವರು ನಾಲ್ಕು ಕೇಂದ್ರದ ನಾಲ್ಕು ಬಿಲ್ಲುಗಳನ್ನು ಕೂಡಿಸಿ ಅಂಡಾಕಾರ ಬರೆಯುತ್ತಿದ್ದರು, ಕೆಲಸದ ಜಾಗದಲ್ಲೂ ಹಗ್ಗ ಗೂಟ ಹಾಕಿ ಅದನ್ನೇ ಎಳೆಯುವುದು ಸುಲಭ.

ಹಳೇಕಾಗದ

ಬಣ್ಣದ ವಿಷಯಕ್ಕೆ ಬರುತ್ತೇನೆ. ಗುಲಾಬಿ ಹೊಸದು, ಬೂದು ಹಳೆಯದು ಎಂಬ ನಿಯಮ ಒಂದೇ ಹಾಳೆಯ ಮೇಲೆ ಎರಡೂ ಬಣ್ಣ ಇದ್ದಾಗ ಮಾತ್ರ ನಡೆಯುತ್ತದೆ. ಹಳೇ ಮನೆಗೆ ಸೇರ್ಪಡೆ ಮಾಡುವಾಗ ಹಾಗೆ ಎರಡು ಬಣ್ಣ ಹಚ್ಚಿ ತೋರಿಸುತ್ತಿದ್ದರು. ಹಾಳೆಯಲ್ಲಿ ಒಂದೇ ಬಣ್ಣ ಇದ್ದರೆ ಅದು ಪ್ಲಾನ್‌ನಲ್ಲಿ ಅಡ್ಡ ಕತ್ತರಿಸಿ ತೋರಿಸಿದ ಗೋಡೆ ಎನ್ನುವುದಕ್ಕೆ ಮಾತ್ರ ಗುರುತು, ಅದರಿಂದ ಹಳತು ಹೊಸತು ತೆಗೆಯಲು ಆಗದು. ಹಳದಿ ಕಂಡರೆ ಸಾಮಾನ್ಯವಾಗಿ ಮರ. ಶ್ರೀರಂಗಪಟ್ಟಣದ ಮುತ್ತಿಗೆ ಕಾಲದ ಬ್ರಿಟಿಷ್ ಎಂಜಿನಿಯರುಗಳ ಕೋಟೆ ನಕ್ಷೆ ನೋಡಿದವರಿಗೆ ಕಲ್ಲುಕಟ್ಟಡಕ್ಕೆ ಕೆಂಪು ಹಚ್ಚುವ ಈ ರೂಢಿ ಪರಿಚಯವೇ.

ಬಣ್ಣವೇ ಇಲ್ಲದ ಗೋಡೆಯ ಬಗ್ಗೆ ಎಚ್ಚರ ಬೇಕು. ಗುಲಾಬಿಗೆ ಬಳಸುತ್ತಿದ್ದ ಕಾರ್ಮೈನ್ ಕೊಚಿನೀಲ್ ಹುಳುವಿನಿಂದ ತೆಗೆದದ್ದು, ಬೆಳಕಿಗೆ ಮಾಸುವ ಬಣ್ಣ. ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದ ಹಾಳೆಯಲ್ಲಿ ಅದು ಪೂರ್ತಿ ಹೋಗಿರಬಹುದು, ಸಂಪುಟದೊಳಗೆ ಮುಚ್ಚಿಟ್ಟದ್ದರಲ್ಲಿ ನಿನ್ನೆ ಹಚ್ಚಿದಂತೆ ಉಳಿದಿರುತ್ತದೆ. ಮಾಸಿದೆಯೋ ಹಚ್ಚಿಯೇ ಇಲ್ಲವೋ ತಿಳಿಯಲು ಗೋಡೆಯ ಎರಡು ಗೆರೆಗಳ ಅಂಚನ್ನು ನೋಡಿ. ನೀರುಬಣ್ಣ ಒಣಗುವಾಗ ಅಂಚಿಗೆ ಸರಿದು ಅಲ್ಲಿ ಗಾಢವಾಗಿ ನಿಲ್ಲುತ್ತದೆ, ನಡುವಿನದು ಮಾಸಿದರೂ ಅಂಚಿನ ಎಳೆ ತೆಳ್ಳಗೆ ಕಾಣುತ್ತದೆ. ಹಸಿರಿಗೆ ತಾಮ್ರದ ಕಿಲುಬಿನ ಬಣ್ಣ ಬಳಸಿದ್ದರೆ ಅದು ಕಂದಾಗಿ, ಕಾಗದವನ್ನೇ ತಿಂದು ಹಿಂಬದಿಗೆ ಇಳಿದಿರುತ್ತದೆ. ಗೆರೆಗಳಲ್ಲೂ ಎರಡು ಬಗೆಯಿವೆ. ಕಾಡಿಗೆಯಿಂದ ಮಾಡಿದ ಚೀನೀ ಶಾಯಿ ಕಪ್ಪಾಗಿಯೇ ಉಳಿಯುತ್ತದೆ, ನೀರಿಗೂ ಹರಡುವುದು ಕಡಿಮೆ, ಅದಕ್ಕೇ ಬಣ್ಣ ಹಚ್ಚುವ ಚಿತ್ರಕ್ಕೆ ಅದು ಬೇಕು. ಕಬ್ಬಿಣ ಮತ್ತು ಮಾಯಿಫಲದ ಶಾಯಿ ಕಂದಾಗುತ್ತದೆ, ಸುತ್ತ ಕಂದು ನೆರಳು ಬಿಡುತ್ತದೆ. ಒಂದೇ ಹಾಳೆಯಲ್ಲಿ ಗೆರೆಗಳು ಕಪ್ಪು, ಬರಹ ಕಂದು ಇದ್ದರೆ ಬರಹ ಆಮೇಲೆ ಸೇರಿದ್ದಿರಬಹುದು. ಆ ಬರಹದಲ್ಲೇ ತಾರೀಖು ಇದ್ದರೆ ಅದನ್ನು ಚಿತ್ರದ ತಾರೀಖು ಎಂದು ಹಿಡಿಯುವ ಮೊದಲು ನಿಲ್ಲಿ.

ಚಿತ್ರಕ್ಕಿಂತ ಮೊದಲು ಕಾಗದ ಓದಬೇಕು. ಬೆಳಕಿಗೆ ಹಿಡಿದರೆ ಸುಮಾರು ಒಂದು ಅಂಗುಲಕ್ಕೊಂದು ದಪ್ಪ ಗೆರೆ, ಅದಕ್ಕೆ ಅಡ್ಡವಾಗಿ ಒತ್ತೊತ್ತಾದ ಸಣ್ಣ ಗೆರೆಗಳು ಕಂಡರೆ ಅದು ಲೇಯ್ಡ್ ಕಾಗದ. ಗೆರೆಗಳಿಲ್ಲದೆ ಬಟ್ಟೆಯ ಹಾಗೆ ನಯವಾಗಿದ್ದರೆ ವೋವ್. ವೋವ್ ಕಾಗದ ಬಂದದ್ದೇ 1750ರ ದಶಕದ ಕೊನೆಗೆ, ವಾಟ್‌ಮನ್ ಗಿರಣಿಯಿಂದ. ಆದ್ದರಿಂದ 1723ರ ಮೇವಿಸ್‌ಬ್ಯಾಂಕ್ ಚಿತ್ರ ಎಂದು ಯಾರಾದರೂ ವೋವ್ ಹಾಳೆ ತೋರಿಸಿದರೆ ಅದು ನಂತರದ ನಕಲು, ಇದರಲ್ಲಿ ಎರಡನೇ ಮಾತಿಲ್ಲ. ಇನ್ನೊಂದು ಗಟ್ಟಿ ಗುರುತು ವಾಟರ್‌ಮಾರ್ಕಿನ ಇಸವಿ. 1794ರ ಸುಂಕದ ಕಾಯ್ದೆಯ ನಂತರ ಬ್ರಿಟನ್ನಿನ ಗಿರಣಿಗಳು ಕಾಗದದೊಳಗೇ ಇಸವಿ ಹಾಕತೊಡಗಿದವು. ರಾಬರ್ಟ್ ಆಡಮ್ ತೀರಿಕೊಂಡದ್ದು 1792ರ ಮಾರ್ಚಿನಲ್ಲಿ. ಹಾಳೆಯಲ್ಲಿ 1794 ಅಥವಾ ಮುಂದಿನ ಇಸವಿ ಇದ್ದರೆ ಅವರ ಕೈಯದ್ದಲ್ಲ, ಅವರ ಕಚೇರಿಯಲ್ಲಿ ಅವರಿದ್ದಾಗ ಆದದ್ದೂ ಅಲ್ಲ. ಸ್ಕ್ಯಾನ್‌ನಲ್ಲಿ ಇದ್ಯಾವುದೂ ಕಾಣದು. ಮ್ಯೂಸಿಯಂ ಕ್ಯಾಟಲಾಗಿನ ವಿವರಣೆಯಲ್ಲಿ ವಾಟರ್‌ಮಾರ್ಕ್ ಬರೆದಿದ್ದಾರೆಯೇ ನೋಡಿ.

ಪೆನ್ನಿನ ಗೆರೆಗಳಿಗೆ ಮೊದಲು ಮೊಂಡು ಮೊನೆಯಿಂದ ಒತ್ತಿ ಎಳೆದ, ಬಣ್ಣವಿಲ್ಲದ ಗೆರೆಗಳಿರುತ್ತವೆ. ಓರೆ ಬೆಳಕು ಬಿಟ್ಟರೆ ಮಾತ್ರ ಕಣ್ಣಿಗೆ ಬೀಳುತ್ತವೆ. ಕಟ್ಟಡದ ಮೂಲ ಲೆಕ್ಕಾಚಾರ ಇರುವುದು ಅಲ್ಲೇ: ಅಕ್ಷ, ಕಿಟಕಿಗಳ ಮಧ್ಯರೇಖೆ, ಮೊದಲು ಒಂದು ಕಡೆ ಇಟ್ಟು ಆಮೇಲೆ ಸರಿಸಿದ ಗೋಡೆ. ಮೂಲೆ ಮೂಲೆಗೂ ಸೂಜಿ ತೂತು ಕಂಡರೆ ಆ ಹಾಳೆಯನ್ನು ಇನ್ನೊಂದರ ಮೇಲಿಟ್ಟು ಚುಚ್ಚಿ ನಕಲು ತೆಗೆದಿದ್ದಾರೆ ಎಂದರ್ಥ. ತೂತುಗಳಿದ್ದೂ ಒತ್ತುಗೆರೆ ಒಂದೂ ಇಲ್ಲದ ಹಾಳೆ ಬಹುತೇಕ ನಕಲೇ.

ಕಟ್ಟಿದ್ದು ಯಾವುದು ಎನ್ನುವ ಪ್ರಶ್ನೆಗೆ ಹಾಳೆ ಎಲ್ಲಿ ಉಳಿಯಿತು ಎನ್ನುವುದು ದೊಡ್ಡ ಸುಳಿವು. ರಾಬರ್ಟ್ ಮತ್ತು ಅವರ ತಮ್ಮ ಜೇಮ್ಸ್, ಈ ಆಡಮ್ ಸಹೋದರರ ಸುಮಾರು 9,000 ಚಿತ್ರಗಳನ್ನು 1833ರಲ್ಲಿ ವಾಸ್ತುಶಿಲ್ಪಿ ಸರ್ ಜಾನ್ ಸೋನ್ 200 ಪೌಂಡಿಗೆ ಕೊಂಡರು. 57 ಸಂಪುಟಗಳು ಈಗ ಲಂಡನ್ನಿನ ಅವರ ಮ್ಯೂಸಿಯಂನಲ್ಲಿವೆ. ಅವು ಕಚೇರಿಯಲ್ಲಿ ಉಳಿದ ಪ್ರತಿಗಳು: ಕರಡು, ಬದಲಿ ವಿನ್ಯಾಸ, ಮಾಲೀಕರು ಬೇಡವೆಂದವು, ದಾಖಲೆಗೆ ಇಟ್ಟುಕೊಂಡ ನಕಲು. ಒಪ್ಪಿಗೆಯಾದ ಅಚ್ಚುಕಟ್ಟು ಪ್ರತಿ ಮಾಲೀಕರ ಮನೆಗೆ ಹೋಯಿತು. ಕೆಲಸದ ಪ್ರತಿ ಕಲ್ಲುಕುಟಿಗರ, ಬಡಗಿಗಳ ಕೈಯಲ್ಲಿ ಸವೆದು ಹಾಳಾಯಿತು. ಆದ್ದರಿಂದ ಸೋನ್ ಸಂಗ್ರಹದ ಚಿತ್ರ ಸುಂದರವಾಗಿದೆ ಎಂದು ಕಟ್ಟಿದ್ದೇ ಅದು ಎಂದು ತಿಳಿಯಬೇಡಿ. ಕುಟುಂಬದ ಕಾಗದಪತ್ರ ಹುಡುಕಬೇಕು. ಕ್ಲಾರ್ಕ್ ಕುಟುಂಬದ್ದು ಎಡಿನ್‌ಬರಾದ ನ್ಯಾಷನಲ್ ರೆಕಾರ್ಡ್ಸ್ ಆಫ್ ಸ್ಕಾಟ್ಲೆಂಡ್‌ನಲ್ಲಿ ಜಿಡಿ18 ಎಂಬ ಗುರುತಿನಡಿ ಇದೆ. ಅಲ್ಲಿನ ನಕ್ಷೆಗಳಿಗೆ ಆರ್‌ಎಚ್‌ಪಿ ಎಂದು ಶುರುವಾಗುವ ಸಂಖ್ಯೆ ಇರುತ್ತದೆ.

ಸೋನ್ ಸಂಪುಟಗಳಲ್ಲಿ ಹುಡುಕುವಾಗ ಒಂದು ಮಾತು. ಅವು ಬಹುಪಾಲು ಚಿತ್ರದ ಬಗೆಯ ಪ್ರಕಾರ ಜೋಡಿಸಿದವು. ಮನೆಯ ಪ್ಲಾನ್ ಒಂದು ಸಂಪುಟದಲ್ಲಿದ್ದರೆ ಅದರ ಸೀಲಿಂಗ್ ಬೇರೊಂದರಲ್ಲಿ, ಅಗ್ಗಿಸ್ಟಿಕೆಯ ಚೌಕಟ್ಟು ಮತ್ತೊಂದರಲ್ಲಿ. ಮನೆಯ ಹೆಸರಿನಿಂದ ಹುಡುಕಿ, ಆಮೇಲೆ ಮಾಲೀಕರ ಹೆಸರಿನಿಂದಲೂ ಹುಡುಕಿ. ಕೆಲವು ಹಾಳೆಗಳ ಮೇಲೆ ಮಾಲೀಕರ ಹೆಸರು ಮಾತ್ರ ಇರುತ್ತದೆ.

ಸುಣ್ಣಗಾರೆ

ಪದಗಳ ವಿಷಯ. ಇವು ಸ್ಕಾಟ್ಸ್ ನುಡಿಯವು, ಇಂಗ್ಲಿಷ್ ನಿಘಂಟಿನಲ್ಲಿ ಅರ್ಥ ತಪ್ಪುವುದು ಸಹಜ.

'ಟ್ರಾನ್ಸ್' ಎಂದರೆ ಓಡಾಡುವ ದಾರಿ, ನಮ್ಮ ಪಡಸಾಲೆಯಲ್ಲ, ಕೋಣೆಗಳ ನಡುವಿನ ಕಿರಿದಾದ ಓಣಿ. 'ಲೇ' ಎಂದರೆ ಕೆಳಗಿನದು, ಬರಹದಲ್ಲಿ ಕೊನೆಗೆ ಜಿ ಎಚ್ ಅಕ್ಷರಗಳಿರುತ್ತವೆ. ಆ ಪದ ಹೊತ್ತ ಕೋಣೆ ನೆಲಮಟ್ಟದ ಅಂತಸ್ತಿನದು. 'ವುಮನ್ ಹೌಸ್' ಕೆಲಸದ ಹೆಂಗಸರು ಬಟ್ಟೆ ಒಗೆದು, ನೂಲು ತೆಗೆದು, ಅಲ್ಲೇ ಇರುತ್ತಿದ್ದ ಜಾಗ. 'ಪ್ರೆಸ್' ಗೋಡೆಯೊಳಗಿನ ಕಪಾಟು. 'ಜ್ಯಾಮ್' ಎಂದರೆ ಮನೆಗೆ ಕೂಡಿಸಿದ ರೆಕ್ಕೆ, ಬಾಗಿಲಿನ ಪಕ್ಕದ ಕಲ್ಲಿಗೂ ಅದೇ ಪದ ಇರುವುದರಿಂದ ಎಲ್ಲಿ ಬರೆದಿದ್ದಾರೆ ನೋಡಿ ಅರ್ಥ ಮಾಡಬೇಕು. 'ಚಾರ್ಟರ್ ರೂಮ್' ಜಮೀನಿನ ಪತ್ರಗಳನ್ನಿಡುವ ಭದ್ರ ಕೋಣೆ. ಬೆಂಕಿಗೆ ಹೆದರಿ ಅದಕ್ಕೆ ಕಲ್ಲಿನ ಕಮಾನು ಚಾವಣಿ ಹಾಕುತ್ತಿದ್ದರು, ಪ್ಲಾನ್‌ನಲ್ಲಿ ಅದರ ಗೋಡೆ ಸುತ್ತಲಿನವುಗಳಿಗಿಂತ ದಪ್ಪ. ಮಾಡೆಲ್ ಮಾಡುವಾಗ ಅಲ್ಲಿ ಮರದ ತೊಲೆ ಹಾಕಬೇಡಿ.

ಎಲ್ಲಕ್ಕಿಂತ ಜಾಸ್ತಿ ಜನ ಎಡವುವುದು 'ಆಫೀಸ್' ಪದದಲ್ಲಿ. 'ಆಫೀಸಸ್', 'ಆಫೀಸ್ ಹೌಸಸ್' ಎಂದರೆ ಲಾಯ, ದನದ ಕೊಟ್ಟಿಗೆ, ಹಾಲಿನ ಮನೆ, ಬಿಯರ್ ತಯಾರಿಸುವ ಕೋಣೆ, ಹೀಗೆ ಮನೆವಾರ್ತೆಯ ಕಟ್ಟಡಗಳು. 'ಹೌಸ್ ಆಫ್ ಆಫೀಸ್' ಎಂದು ಏಕವಚನದಲ್ಲಿ ಬರೆದಿದ್ದರೆ ಅದು ಪಾಯಿಖಾನೆ. ಇದರ ಜೊತೆಗೆ ಆ ಕಾಲದ ಉದ್ದನೆಯ 'ಎಸ್' ಅಕ್ಷರ 'ಎಫ್' ಹಾಗೆ ಕಾಣುತ್ತದೆ. 'ಕ್ಲಾಸೆಟ್' ಎಂಬುದನ್ನು 'ಕ್ಲಾಫೆಟ್' ಎಂದು ಓದಿ ಯಾವುದೋ ಹೊಸ ಕೋಣೆ ಎಂದುಕೊಳ್ಳಬೇಡಿ. 'ಎಫ್'ನ ಅಡ್ಡಗೆರೆ ಎರಡೂ ಕಡೆ ಚಾಚಿರುತ್ತದೆ. ಉದ್ದ 'ಎಸ್'ಗೆ ಅಚ್ಚಿನಲ್ಲಿ ಎಡಕ್ಕೆ ಮಾತ್ರ ಸಣ್ಣ ಮೊನೆ, ಕೈಬರಹದಲ್ಲಿ ಅದೂ ಇಲ್ಲ.

ಈಗ ಅಂತಸ್ತುಗಳು ಒಂದರ ಮೇಲೊಂದು ಕೂರದಿರುವುದು. ಪ್ಲಾನ್‌ಗಳನ್ನು ಹೊರಗೋಡೆಯ ಒಳಮೈ ಹಿಡಿದು ಹೊಂದಿಸಬೇಡಿ. ಒರಟುಕಲ್ಲಿನ ಗೋಡೆ ಕೆಳಗೆ ಮೂರು ಅಡಿ ದಪ್ಪವಿದ್ದರೆ ಮೇಲೆ ಹೋಗುತ್ತಾ ಎರಡೂವರೆ, ಎರಡಕ್ಕೆ ಇಳಿಯುತ್ತದೆ. ಸಣ್ಣಗಾಗುವುದು ಒಳಮೈ ಕಡೆಯಿಂದ, ಅಲ್ಲಿ ಉಳಿಯುವ ಕಲ್ಲಿನ ಅಂಚಿನ ಮೇಲೆ ನೆಲದ ತೊಲೆಗಳು ಕೂರುತ್ತವೆ. ಆ ಅಂಚಿಗೆ ಅವರಲ್ಲಿ 'ಸ್ಕಾರ್ಸ್‌ಮೆಂಟ್' ಎನ್ನುತ್ತಾರೆ. ಹೀಗಾಗಿ ಮೇಲಿನ ಕೋಣೆ ಕೆಳಗಿನದಕ್ಕಿಂತ ಅರ್ಧ, ಮುಕ್ಕಾಲು ಅಡಿ ದೊಡ್ಡದಾಗಿಯೇ ಬರಬೇಕು. ಅದು ತಪ್ಪಲ್ಲ.

ಹೊಂದಿಸಬೇಕಾದದ್ದು ಅಗ್ಗಿಸ್ಟಿಕೆಗಳನ್ನು ಮತ್ತು ಮೆಟ್ಟಿಲಿನ ಗೂಡನ್ನು. ಹೊಗೆಗೂಡು ಕೆಳಗಿನಿಂದ ಮೇಲಿನವರೆಗೆ ಹೋಗಲೇಬೇಕು. ನಡುವೆ ಪಕ್ಕಕ್ಕೆ ಸ್ವಲ್ಪ ವಾಲಬಹುದು, ಗೋಡೆಯನ್ನೇ ಬಿಟ್ಟು ಹೋಗಲಾರದು. ಕೆಳಗಿನ ಅಗ್ಗಿಸ್ಟಿಕೆಯ ಮೇಲೆ ಮೇಲಂತಸ್ತಿನಲ್ಲಿ ಕಿಟಕಿಯೋ ಬಾಗಿಲೋ ಬಂದರೆ ಆ ಎರಡು ಹಾಳೆ ಒಂದೇ ವಿನ್ಯಾಸದವಲ್ಲ. ಇದು ಬಹಳ ನಂಬಬಹುದಾದ ಪರೀಕ್ಷೆ. ಒಂದು ಮನೆಗೆ ಎರಡು ಮೂರು ಯೋಜನೆ ಇದ್ದಾಗ ಹಾಳೆಗಳು ಬೆರೆತುಹೋಗಿರುತ್ತವೆ, ಯಾವ ಪ್ಲಾನ್ ಯಾವುದರ ಜೋಡಿ ಎಂದು ಹೊಗೆಗೂಡೇ ಹೇಳುತ್ತದೆ.

ಎತ್ತರಕ್ಕೆ ಸೆಕ್ಷನ್ (ಮನೆಯನ್ನು ಮೇಲಿನಿಂದ ಕೆಳಕ್ಕೆ ಸೀಳಿ ತೋರಿಸುವ ಚಿತ್ರ) ಸಿಗುವುದು ಕಡಿಮೆ. ಸಣ್ಣ ವಿಲ್ಲಾಗಳಿಗೆ ಪ್ಲಾನ್‌ಗಳು ಮತ್ತು ಒಂದು ಎಲಿವೇಶನ್, ಅಷ್ಟೇ ಉಳಿದಿರುತ್ತದೆ. ಮೆಟ್ಟಿಲುಗಳನ್ನು ಎಣಿಸಿ. ಒಂದು ಅಂತಸ್ತಿಗೆ 26 ಏರು, ಒಂದೊಂದು 6 ಅಂಗುಲ ಎಂದರೆ ನೆಲದಿಂದ ನೆಲಕ್ಕೆ 13 ಅಡಿ. ಎಲಿವೇಶನ್‌ನಲ್ಲಿ ಕಿಟಕಿಯ ಕೆಳಗಲ್ಲಿನಿಂದ ಮೇಲಿನ ಕಿಟಕಿಯ ಕೆಳಗಲ್ಲಿನವರೆಗೆ ಅಳೆದರೂ ಅದರ ಆಸುಪಾಸಿಗೆ ಬರಬೇಕು. ಎರಡೂ ಹತ್ತಿರ ಬಂದರೆ ಧೈರ್ಯವಾಗಿ ಮುಂದುವರಿಯಿರಿ.

ಎಲಿವೇಶನ್‌ಗೆ ನೆರಳು ಹಚ್ಚಿದ್ದರೆ ಅದೂ ಒಂದು ಅಳತೆಯೇ. ಬೆಳಕು ಎಡಮೇಲಿನಿಂದ 45 ಡಿಗ್ರಿ ಓರೆಯಲ್ಲಿ ಬೀಳುತ್ತದೆ ಎಂದು ಹಿಡಿದು ನೆರಳು ಹಾಕುವುದು ಪದ್ಧತಿ. ಹಾಗಿರುವಾಗ ಗೋಡೆಯಿಂದ ಮುಂದೆ ಚಾಚಿದ ಭಾಗ ಎಷ್ಟು ಚಾಚಿದೆಯೋ ಅದರ ನೆರಳೂ ಅಷ್ಟೇ ಅಗಲ. ನಡುಭಾಗ 2 ಅಡಿ ಮುಂದಿದ್ದರೆ ಅದರ ಬಲಕ್ಕೆ 2 ಅಡಿ ನೆರಳು. ಪ್ಲಾನ್ ಜೊತೆ ತಾಳೆ ನೋಡಲು ಇದು ಒಳ್ಳೆಯದು. ತಾಮ್ರಫಲಕದ ಅಚ್ಚಿನಲ್ಲಿ ಮಾತ್ರ ನೆರಳು ಬರೀ ಒತ್ತೊತ್ತಾದ ಗೆರೆಗಳು, ಅದನ್ನು ಅಳತೆಗೆ ನಂಬಬೇಡಿ.

ಎಲಿವೇಶನ್‌ನಲ್ಲಿ ಕಿಟಕಿ ಇದೆ, ಪ್ಲಾನ್‌ನಲ್ಲಿ ಅದೇ ಜಾಗದಲ್ಲಿ ಗೋಡೆ ಗಟ್ಟಿಯಾಗಿದೆ ಎಂದರೆ ಗಾಬರಿಯಾಗಬೇಡಿ. ಅದು ಕುರುಡು ಕಿಟಕಿ, ಮುಖ ಸಮವಾಗಿ ಕಾಣಲೆಂದು ಬರೀ ಚೌಕಟ್ಟು ಕಟ್ಟಿದ್ದು. ಇದನ್ನು ಕಂಡೊಡನೆ ಕಿಟಕಿ ತೆರಿಗೆ ತಪ್ಪಿಸಲು ಮುಚ್ಚಿದರು ಎನ್ನುವವರಿದ್ದಾರೆ. ತೆರಿಗೆ ಸ್ಕಾಟ್ಲೆಂಡಿಗೆ ಬಂದದ್ದು 1748ರಲ್ಲಿ. ಅದಕ್ಕಿಂತ ಹಳೇ ನಕ್ಷೆಗಳಲ್ಲೂ ಕುರುಡು ಕಿಟಕಿಗಳಿವೆ. ಹಿಂದೆ ಹೊಗೆಗೂಡು ಹಾದುಹೋಗಿದೆಯೇ ನೋಡಿ, ಕಾರಣ ಹೆಚ್ಚಾಗಿ ಅಲ್ಲಿ ಸಿಗುತ್ತದೆ.

ಯಾರಾದರೂ ಕಲ್ಲುಕೆಲಸದ ಲೆಕ್ಕ ತೆಗೆಯುವವರಿದ್ದರೆ: ಆ ಕಾಲದ ಪಟ್ಟಿಗಳಲ್ಲಿ 'ರೂಡ್' ಎಂದಿದ್ದರೆ 2 ಅಡಿ ದಪ್ಪದ 36 ಚದರ ಗಜ ಗೋಡೆ. ಜಮೀನಿನ ರೂಡ್ ಕಾಲು ಎಕರೆ, ಅದು ಬೇರೆ. 60 ಅಡಿ ಉದ್ದ 30 ಅಡಿ ಎತ್ತರದ ಗೋಡೆ 200 ಚದರ ಗಜ, ಅಂದರೆ ಐದೂವರೆ ರೂಡ್. ಗೋಡೆ 3 ಅಡಿ ದಪ್ಪವಿದ್ದರೆ ಅದರ ಒಂದೂವರೆ ಪಟ್ಟು.

ಅಳತೆಗೋಲು

ತುಂಬಾ ಧನ್ಯವಾದಗಳು. ಅಗ್ಗಿಸ್ಟಿಕೆ ಹಿಡಿದು ಹೊಂದಿಸಿದೆ. ಏರ್ತ್ರಿಯ ಜೊತೆಗೆ ಇಟ್ಟುಕೊಂಡಿದ್ದ ಒಂದು ಮೇಲಂತಸ್ತಿನ ಹಾಳೆ ಕೂರಲೇ ಇಲ್ಲ, ಅದನ್ನು ಪಕ್ಕಕ್ಕಿಟ್ಟಿದ್ದೇನೆ. ಇನ್ನೆರಡು ಪ್ರಶ್ನೆ. ಬೇರೊಂದು ಮನೆಯ ಹಾಳೆಯಲ್ಲಿ ಇಸವಿ '1727/8' ಎಂದು ಓರೆಗೆರೆ ಹಾಕಿ ಬರೆದಿದೆ, ಎರಡು ವರ್ಷ ಏಕೆ? ಮತ್ತೆ ಮೇವಿಸ್‌ಬ್ಯಾಂಕ್ ಅಚ್ಚನ್ನು ಕಟ್ಟಿದ ಮನೆ ಎಂದೇ ಹಿಡಿಯಲೇ?

ಹಳೇಕಾಗದ

ಸ್ಕಾಟ್ಲೆಂಡಿನಲ್ಲಿ 1600ರಿಂದಲೇ ಜನವರಿ 1ಕ್ಕೆ ಹೊಸ ವರ್ಷ. ಇಂಗ್ಲೆಂಡಿನಲ್ಲಿ 1752ಕ್ಕಿಂತ ಮೊದಲು ವರ್ಷ ಬದಲಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಜನವರಿ, ಫೆಬ್ರವರಿ, ಮಾರ್ಚಿನ ಮೊದಲ ವಾರಗಳಲ್ಲಿ ಎಡಿನ್‌ಬರಾದಲ್ಲಿ 1728 ಆಗಿರುವಾಗ ಲಂಡನ್ನಿನಲ್ಲಿ ಇನ್ನೂ 1727. ಗೊಂದಲ ಬೇಡವೆಂದು ಎರಡನ್ನೂ ಬರೆದಿದ್ದಾರೆ, ನೀವು 1728 ಎಂದು ಹಿಡಿಯಿರಿ. ಓರೆಗೆರೆ ಇಲ್ಲದೆ ಒಂದೇ ಇಸವಿ ಇದ್ದು ತಿಂಗಳು ಫೆಬ್ರವರಿ ಆಗಿದ್ದರೆ ಹಾಳೆ ಎಲ್ಲಿ ಬರೆದದ್ದು ಎಂದು ತಿಳಿಯದೆ ಇಸವಿ ತೀರ್ಮಾನಿಸಬೇಡಿ. ಆಡಮ್ ಸಹೋದರರ ಲಂಡನ್ ಕಚೇರಿಯ ಹಾಳೆಗಳಿಗೆ ಈ ತೊಡಕಿಲ್ಲ. ಅಲ್ಲಿ ತಾರೀಖಿನ ಜೊತೆ ವಿಳಾಸವೂ ಇರುತ್ತದೆ: 'ಅಡೆಲ್ಫಿ' ಎಂದಿದ್ದರೆ 1770ರ ದಶಕ ಮತ್ತು ಅದರಾಚೆಯ ಕೆಲವು ವರ್ಷ, 'ಆಲ್ಬೆಮಾರ್ಲ್ ಸ್ಟ್ರೀಟ್' ಎಂದಿದ್ದರೆ ರಾಬರ್ಟ್ ಅವರ ಕೊನೆಯ ವರ್ಷಗಳು. ತಾರೀಖು ಹರಿದುಹೋಗಿ ವಿಳಾಸ ಮಾತ್ರ ಉಳಿದ ಹಾಳೆಗೆ ಇದು ಕೆಲಸಕ್ಕೆ ಬರುತ್ತದೆ.

ಅಚ್ಚನ್ನು ಕಟ್ಟಿದ ಮನೆ ಎಂದೇ ನಂಬಬೇಡಿ. ವಿಲಿಯಂ ಆಡಮ್ ಬದುಕಿದ್ದಾಗ ಫಲಕಗಳ ಕೆತ್ತನೆ ನಡೆದಿತ್ತು, ಬಹುಪಾಲು ಎಡಿನ್‌ಬರಾದ ರಿಚರ್ಡ್ ಕೂಪರ್ ಕೈಯಲ್ಲಿ. ವಿಲಿಯಂ 1748ರಲ್ಲಿ ತೀರಿಕೊಂಡರು, ಪುಸ್ತಕ ಹೊರಬಂದದ್ದು ಮೊಮ್ಮಗನ ಕಾಲಕ್ಕೆ, ಸುಮಾರು 1812ರಲ್ಲಿ. ವಾಸ್ತುಶಿಲ್ಪಿಯ ಮನಸ್ಸಿನಲ್ಲಿದ್ದ ಪೂರ್ಣ ರೂಪ ಅಚ್ಚಿನಲ್ಲಿದೆ. ಬ್ಯಾನ್ಫ್‌ನ ಡಫ್ ಹೌಸ್ ನೋಡಿ. ನಡುವಿನ ಕಟ್ಟಡದ ಎರಡು ಕಡೆಗೂ ಬಾಗಿದ ಗೋಡೆ, ತುದಿಗೆ ಪೆವಿಲಿಯನ್ ಎಂಬ ಸಣ್ಣ ಪಕ್ಕದ ಕಟ್ಟಡ ಬರಬೇಕೆಂದು ವಿನ್ಯಾಸ. ನಿಂತಿರುವುದು ನಡುವಿನ ಕಟ್ಟಡ ಮಾತ್ರ. ಮಾಲೀಕರಾದ ಲಾರ್ಡ್ ಬ್ರಾಕೊ ಅವರಿಗೂ ಆಡಮ್ ಅವರಿಗೂ ಹಣದ ಮೇಲೆ ಜಗಳವಾಗಿ ಕೋರ್ಟು ಹತ್ತಿ, ರೆಕ್ಕೆಗಳು ಏಳಲೇ ಇಲ್ಲ.

ಮೇವಿಸ್‌ಬ್ಯಾಂಕ್‌ನಲ್ಲಿ ರೆಕ್ಕೆಗಳು ಎದ್ದವು. ಅಲ್ಲಿನ ಎಳೆದಾಟ ಎತ್ತರದ್ದು. ಆಡಮ್‌ಗೆ ಇನ್ನೊಂದು ಅಂತಸ್ತು ಏರಿಸುವ ಆಸೆ, ಕ್ಲಾರ್ಕ್ ಒಪ್ಪಲಿಲ್ಲ. ವಿಲ್ಲಾ ತಗ್ಗಾಗಿ, ಅಡಕವಾಗಿ ಇರಬೇಕೆಂಬ ಹಟ ಅವರದ್ದು. ಆ ಹಟದಿಂದಲೇ ಆ ಮನೆಗೆ ಅಷ್ಟು ಚೆಂದದ ಅಳತೆ ಬಂತು ಎಂದು ನನ್ನ ಅಭಿಪ್ರಾಯ. ಆದ್ದರಿಂದ ಕ್ಲಾರ್ಕ್ ಕಾಗದಪತ್ರಗಳಲ್ಲೋ ಬೇರೆಲ್ಲೋ ಎತ್ತರದ ರೂಪ ಕಂಡರೆ ಅದು ಕಟ್ಟದೆ ಉಳಿದ ಯೋಚನೆ.

ಒಂದಂಗುಲ

ತಾಳೆ ನೋಡಲು ಇನ್ನೊಂದು ದಾರಿ ಸೇರಿಸುತ್ತೇನೆ. ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್ಲೆಂಡ್‌ನ ಮ್ಯಾಪ್ ತಾಣದಲ್ಲಿ 1850ರ ದಶಕದಿಂದ ತೆಗೆದ ಬ್ರಿಟನ್ನಿನ ಸರ್ಕಾರಿ ಭೂಮಾಪನ ಸಂಸ್ಥೆ ಆರ್ಡ್‌ನನ್ಸ್ ಸರ್ವೆಯ, ಮೈಲಿಗೆ 25 ಇಂಚಿನ ಹಾಳೆಗಳಿವೆ, ಇಂದಿನ ನಕ್ಷೆಯ ಮೇಲೆ ಕೂರಿಸಿದವು. ಸ್ಕೇಲ್ 1:2500. ಮನೆಯ ಹೊರರೇಖೆ, ಬಾಗಿದ ಗೋಡೆ, ಪೆವಿಲಿಯನ್ ಎಲ್ಲ ಅದರಲ್ಲಿ ಸಿಗುತ್ತವೆ. ನಿಮ್ಮ ಕ್ಯಾಡ್ ಪ್ಲಾನ್ ಅನ್ನು ಅದರ ಮೇಲಿಟ್ಟು ಮುಖದ ಒಟ್ಟು ಉದ್ದ ಒಂದೆರಡು ಅಡಿಯೊಳಗೆ ಕೂಡಿದರೆ ಸಾಕು, ಅದಕ್ಕಿಂತ ನಿಖರತೆ ಆ ಸ್ಕೇಲ್‌ನಲ್ಲಿ ಕೇಳಬಾರದು. ಅಲ್ಲೇ 1747–55ರ ರಾಯ್ ಮಿಲಿಟರಿ ಸರ್ವೆಯೂ ಇದೆ. ಅದು 1000 ಗಜಕ್ಕೆ 1 ಅಂಗುಲ. ಮರದ ಸಾಲು, ದಾರಿ, ತೋಟದ ಆವರಣ ನೋಡಲು ಚೆನ್ನ, ಮನೆ ಒಂದು ಕೆಂಪು ಚುಕ್ಕೆ.

ಏರ್ತ್ರಿಗೆ ಒಂದು ಎಚ್ಚರಿಕೆ. ಅದು ಈಗ ಸ್ಟರ್ಲಿಂಗ್ ವಿಶ್ವವಿದ್ಯಾಲಯದ ಆವರಣದಲ್ಲಿದೆ, 19ನೇ ಶತಮಾನದ ಕೊನೆಗೆ ಅದಕ್ಕೆ ದೊಡ್ಡ ಸೇರ್ಪಡೆ ಆಗಿದೆ. ಉಪಗ್ರಹ ಚಿತ್ರದ ಮೇಲೆ ಆಡಮ್ ಪ್ಲಾನ್ ಇಟ್ಟು ಕೂಡುತ್ತಿಲ್ಲ ಎಂದು ತಲೆಕೆಡಿಸಿಕೊಳ್ಳಬೇಡಿ, 25 ಇಂಚಿನ ಮೊದಲ ಆವೃತ್ತಿಯ ಹಾಳೆಯನ್ನೇ ತೆಗೆದುಕೊಳ್ಳಿ. ಕಟ್ಟಿದಾಗಲೂ ಆಡಮ್ ಉಸ್ತುವಾರಿ ಇರಲಿಲ್ಲ. ಅವರ ಚಿತ್ರ ಇಟ್ಟುಕೊಂಡು ಥಾಮಸ್ ರಸೆಲ್ ಎಂಬವರು ಕಟ್ಟಿಸಿದರು. ಆದ್ದರಿಂದ ಮುಖದ ಸಣ್ಣ ಸಣ್ಣ ವಿವರ, ಮುಖ್ಯವಾಗಿ ಮೂಲೆಗೋಪುರಗಳ ಅಂಚುಪಟ್ಟಿ, ಚಿತ್ರದಲ್ಲಿದ್ದ ಹಾಗೇ ಇರಬೇಕೆಂದಿಲ್ಲ. ಫೋಟೋ ನೋಡಿ ಬರೆಯಿರಿ.

ಸುಣ್ಣಗಾರೆ

ಮೇವಿಸ್‌ಬ್ಯಾಂಕ್ 1973ರಲ್ಲಿ ಬೆಂಕಿಗೆ ಸಿಕ್ಕಿ ಚಾವಣಿ, ಒಳನೆಲ ಎಲ್ಲ ಹೋಗಿದೆ. ಈಗಿನ ಫೋಟೋದಿಂದ ಚಾವಣಿ ಬರೆಯಲಾಗದು. ಬೆಂಕಿಗೆ ಮುಂಚಿನ ಫೋಟೋಗಳಿಗೆ ಹಿಸ್ಟಾರಿಕ್ ಎನ್ವಿರಾನ್‌ಮೆಂಟ್ ಸ್ಕಾಟ್ಲೆಂಡ್ ಸಂಗ್ರಹ ಹುಡುಕಿ. ಸುಟ್ಟ ಗೋಡೆಯಿಂದ ನಿಮಗೆ ಒಂದು ಲಾಭವೂ ಇದೆ: ಗಾರೆ ಉದುರಿದಲ್ಲಿ ತೊಲೆ ಕೂರುತ್ತಿದ್ದ ಗೂಡುಗಳ ಸಾಲು ಫೋಟೋದಲ್ಲೇ ಕಾಣುತ್ತದೆ. ಎರಡು ಸಾಲುಗಳ ನಡುವಿನ ಅಂತರವೇ ನೆಲದಿಂದ ನೆಲದ ಎತ್ತರ. ಮೆಟ್ಟಿಲು ಎಣಿಸಿ ತೆಗೆದ ಲೆಕ್ಕವನ್ನು ಅದರ ಜೊತೆ ಇಟ್ಟು ನೋಡಿ, ಅಂಕಿ ಬಂದಮೇಲೆ ಇಲ್ಲಿ ಹಾಕಿ.